ಉಪ್ಪಾಗೆ ಎಲೆಯ ಡಿಎನ್‌ಎ, ಮತ್ತು ನನ್ನ ಸೈಟೇಶನ್ ಲೆಕ್ಕ

ಉಪ್ಪಾಗೆ ನಮ್ಮ ಘಟ್ಟದ ಹುಳಿ ಹಣ್ಣಿನ ಮರ. ಅದರ ಬಲಿತ ಎಲೆಯಿಂದ ಪಿಸಿಆರ್‌ಗೆ, ಅಂದರೆ ಡಿಎನ್‌ಎಯ ಒಂದು ತುಂಡನ್ನು ಲಕ್ಷಾಂತರ ಪ್ರತಿ ಮಾಡುವ ಕ್ರಿಯೆಗೆ, ಒದಗುವ ಡಿಎನ್‌ಎ ತೆಗೆಯಬಹುದು. ಎಲೆ ಹೆಪ್ಪುಗಟ್ಟಿಸಿ ಅರೆಯಲು ಲಿಕ್ವಿಡ್ ನೈಟ್ರೋಜನ್ ಬೇಡ, ಕಂಪನಿಯ ರೆಡಿಮೇಡ್ ಕಿಟ್ ಬೇಡ, ಚಿಗುರೆಲೆಗೆ ಕಾಯಬೇಕಾಗಿಯೂ ಇಲ್ಲ. ನಾನು ಇದನ್ನು ಮೊದಲು ಹೇಳಿದಾಗ ನಂಬಿದವರು ತೀರಾ ಕಡಿಮೆ. ಇವತ್ತು ಆ ಒಂದು ವಿಧಾನದ ಪ್ರಬಂಧಕ್ಕೆ ನನ್ನ ಉಳಿದೆಲ್ಲ ಪ್ರಬಂಧಗಳಿಗಿಂತ ಜಾಸ್ತಿ ಸೈಟೇಶನ್ (ಬೇರೆ ಪ್ರಬಂಧಗಳಲ್ಲಿ ಉಲ್ಲೇಖ) ಇದೆ. ಸಣ್ಣ ಊರಿನ ಲ್ಯಾಬಿನಲ್ಲಿ ಕೂತು ಕೆಲಸ ಮಾಡುವ ಗೆಳೆಯರು ಇದು ಹೇಗಾಯಿತು ಅಂತ ಆಗಾಗ ಕೇಳುತ್ತಾರೆ. ಅವರಿಗಾಗಿ ಬರೆಯುತ್ತಿದ್ದೇನೆ.

ನನ್ನ ಪಿಎಚ್‌ಡಿ ಭತ್ತದ ಮೇಲೆ. ಭತ್ತ ಒಳ್ಳೆಯ ಬೆಳೆ, ಎಲೆ ಕೊಟ್ಟರೆ ಸಾಕು, ಡಿಎನ್‌ಎ ಬಂದುಬಿಡುತ್ತದೆ. ಆಮೇಲೆ ಹೊರದೇಶದಲ್ಲಿ ಮೂರ್ನಾಲ್ಕು ವರ್ಷ ಪೋಸ್ಟ್‌ಡಾಕ್. ವಾಪಸ್ ಬಂದು ಕೆಲಸಕ್ಕೆ ಸೇರಿದ ಮೇಲೆ ಉತ್ತರ ಕನ್ನಡದ ಉಪ್ಪಾಗೆ, ಮುರುಗಲು ಹಿಡಿದೆ. ಎರಡೂ ಗಾರ್ಸಿನಿಯಾ ಕುಲದ ಮರಗಳು. ಕಾರಣ ಇತ್ತು. ಎರಡರಲ್ಲೂ ಗಂಡು ಮರ ಬೇರೆ, ಹೆಣ್ಣು ಮರ ಬೇರೆ. ಬೀಜದ ಸಸಿ ನೆಟ್ಟ ರೈತ ಏಳೆಂಟು ವರ್ಷ ನೀರು ಗೊಬ್ಬರ ಹಾಕಿ, ಹೂ ಬಿಟ್ಟ ಮೇಲೆ ಅರ್ಧಕ್ಕರ್ಧ ಗಂಡು ಅಂತ ಕಂಡುಕೊಳ್ಳುತ್ತಾನೆ. ಸಸಿ ಇದ್ದಾಗಲೇ ಗಂಡೋ ಹೆಣ್ಣೋ ಹೇಳುವ ಮಾರ್ಕರ್ (ಡಿಎನ್‌ಎ ಗುರುತು) ಸಿಕ್ಕರೆ ಎಷ್ಟು ಉಪಕಾರ ಅಲ್ವಾ? ಆ ಮಾರ್ಕರ್ ಇನ್ನೂ ನನ್ನ ಕೈಗೆ ಸಿಕ್ಕಿಲ್ಲ. ಆದರೆ ಅದನ್ನು ಹುಡುಕಲು ಹೊರಟಾಗಲೇ ಡಿಎನ್‌ಎ ಬಾರದೆ ನಿಂತುಬಿಟ್ಟೆ.

ಗಾರ್ಸಿನಿಯಾದ ಜೊತೆ ಕೆಲಸ ಮಾಡಿದವರಿಗೆ ಗೊತ್ತು. ಎಲೆ ಮುರಿದರೆ ಹಳದಿ ಹಾಲು. ಅರೆದರೆ ಕಂದು ಬಣ್ಣ. ಡಿಎನ್‌ಎ ಬೇರ್ಪಡಿಸಲು ಐಸೋಪ್ರೊಪನಾಲ್ ಹಾಕಿದ ಕೂಡಲೇ ಬೆಂಡೆಕಾಯಿ ಲೋಳೆಯ ಹಾಗೆ ಏನೋ ಸುರುಳಿ ಸುತ್ತಿಕೊಂಡು ಬರುತ್ತದೆ. ಸೆಂಟ್ರಿಫ್ಯೂಜ್ ಮಾಡಿದರೆ ದೊಡ್ಡ ಪೆಲೆಟ್. ಹೊಸ ವಿದ್ಯಾರ್ಥಿಗಳು ಖುಷಿಯಾಗುತ್ತಾರೆ. ಆದರೆ ಅದು, ಡಿಎನ್‌ಎ ಕರಗಿಸಿಡುವ ಟಿಇ ಬಫರ್‌ನಲ್ಲಿ, ಕರಗುವುದೇ ಇಲ್ಲ. ಡಿಎನ್‌ಎ ಓಡಿಸಿ ನೋಡುವ ಅಗರೋಸ್ ಜೆಲ್‌ಗೆ ಹಾಕಿದರೆ ಬಾವಿಯಲ್ಲೇ (ಸ್ಯಾಂಪಲ್ ಹಾಕುವ ಗುಳಿಯಲ್ಲೇ) ಹೊಳೆಯುತ್ತಾ ನಿಲ್ಲುತ್ತದೆ, ಕೆಳಗೆ ಇಳಿಯುವುದಿಲ್ಲ. ಡಿಎನ್‌ಎ ಶುದ್ಧತೆ ಅಳೆಯುವ ನ್ಯಾನೋಡ್ರಾಪ್ ಯಂತ್ರದಲ್ಲಿ ಪ್ರೋಟೀನ್ ಕಲಬೆರಕೆ ತೋರಿಸುವ 260/280 ಚೆನ್ನಾಗಿಯೇ ಇರುತ್ತದೆ, 1.8ರ ಹತ್ತಿರ. ಲೋಳೆ, ಒಗರಿನ ಕಲಬೆರಕೆ ತೋರಿಸುವ 260/230 ನೋಡಿದರೆ 0.5, 0.6. ಅದು ಎರಡರ ಹತ್ತಿರ ಇರಬೇಕು. ಪಿಸಿಆರ್ ಖಾಲಿ.

ಮೊದಲು ಡಾಯ್ಲ್ ದಂಪತಿಯ 1987ರ ಸಿಟ್ಯಾಬ್ ವಿಧಾನ (ಸಿಟ್ಯಾಬ್ ಎಂಬ ಸಾಬೂನಿನಂಥ ಕೆಮಿಕಲ್‌ನಿಂದ ಡಿಎನ್‌ಎ ತೆಗೆಯುವುದು) ಮಾಡಿದೆವು. ಆಗಲಿಲ್ಲ. ಒಗರನ್ನು ಹಿಡಿದಿಡುವ ಪಿವಿಪಿ ಪುಡಿಯನ್ನು 1ರಿಂದ 2, ಆಮೇಲೆ 4 ಪರ್ಸೆಂಟ್‌ವರೆಗೆ ಏರಿಸಿದೆವು. ಬಣ್ಣ ಕಮ್ಮಿ ಆಯಿತು, ಲೋಳೆ ಹಾಗೇ ಉಳಿಯಿತು. ಡೆಲ್ಲಾಪೋರ್ಟಾ ಅವರ 1983ರ ಪೊಟ್ಯಾಶಿಯಂ ಅಸಿಟೇಟ್ ದಾರಿ ಹಿಡಿದೆವು. ಲೋಳೆ ಹೋಯಿತು, ಜೊತೆಗೆ ಡಿಎನ್‌ಎಯೂ ಹೋಯಿತು. ಕ್ಲೋರೋಫಾರ್ಮ್ ತೊಳೆತ ಮೂರು ಸಲ, ನಾಲ್ಕು ಸಲ ಮಾಡಿದೆವು. ಸಾಲ ಮಾಡಿ ಒಂದು ಕಿಟ್ ತರಿಸಿದೆವು. ಆಗ 50 ಸ್ಯಾಂಪಲ್‌ಗೆ ಸುಮಾರು 9-10 ಸಾವಿರ ಇತ್ತು ಅಂತ ನೆನಪು. ಕಾಲಮ್ಮಿನ ಪೊರೆ ಎರಡನೇ ಸುತ್ತಿಗೇ ಕಟ್ಟಿಕೊಂಡಿತು. ಮೇಲೆ ಹಾಕಿದ ದ್ರವ ಮೇಲೇ ನಿಂತಿತು.

ಹಣದ ವಿಷಯ ಬಂತಲ್ಲ, ಅದನ್ನೂ ಹೇಳಿಬಿಡುತ್ತೇನೆ. ನನ್ನ ಮೊದಲ ಪ್ರಾಜೆಕ್ಟ್ ಮೂರು ವರ್ಷಕ್ಕೆ 18-20 ಲಕ್ಷದ ಆಸುಪಾಸು. ಕೇಳಲು ದೊಡ್ಡ ಮೊತ್ತ. ಅದರಲ್ಲಿ ಫೆಲೋಶಿಪ್ ಕಳೆದು, ಥರ್ಮಲ್ ಸೈಕ್ಲರ್ (ಪಿಸಿಆರ್ ಯಂತ್ರ) ಕಳೆದು, ಓವರ್‌ಹೆಡ್ ಕಳೆದರೆ ಕೆಮಿಕಲ್ಸ್‌ಗೆ ವರ್ಷಕ್ಕೆ ಎರಡು ಲಕ್ಷವೂ ಉಳಿಯುವುದಿಲ್ಲ. ಎರಡನೇ ಕಂತು ಎಂಟೊಂಬತ್ತು ತಿಂಗಳು ತಡ. ಆ ನಡುವೆ ಪಿಸಿಆರ್‌ಗೆ ಬೇಕಾದ ಕಿಣ್ವ ಟ್ಯಾಕ್ ಪಾಲಿಮರೇಸ್‌ಗೆ ಸಂಬಳದಿಂದ ಹಾಕಿದ್ದೇನೆ. ಇನ್ನು ಲಿಕ್ವಿಡ್ ನೈಟ್ರೋಜನ್ ಲೀಟರಿಗೆ 50-60 ರೂಪಾಯಿ ಇದ್ದಿರಬೇಕು. ಆದರೆ ಡ್ಯೂವರ್ ಎಂಬ ಥರ್ಮಾಸ್‌ನಂಥ ಪಾತ್ರೆಯಲ್ಲಿ ತುಂಬಿಸಿ ಜೀಪಿನಲ್ಲಿ ಸಿದ್ದಾಪುರದ ಘಟ್ಟ ಇಳಿಸಿ ಕಾಡಿಗೆ ಒಯ್ಯುವ ಖರ್ಚು ಅದರ ಹತ್ತು ಪಟ್ಟು. ಮೂರನೇ ದಿನಕ್ಕೆ ಅರ್ಧ ಆವಿ.

ಅದಕ್ಕೇ ತೇವ ಹೀರುವ ಸಿಲಿಕಾ ಜೆಲ್ ಕಾಳುಗಳಲ್ಲಿ ಎಲೆ ಒಣಗಿಸುವ ದಾರಿಗೆ ಬಂದೆ. ಇದು 1991ರಿಂದಲೇ ಸಸ್ಯಶಾಸ್ತ್ರಜ್ಞರಿಗೆ ಗೊತ್ತಿರುವ ಪದ್ಧತಿ, ನನ್ನ ಸಂಶೋಧನೆ ಏನಲ್ಲ. ಆದರೆ ಉಪ್ಪಾಗೆ ಹಣ್ಣಾಗುವುದು ಮಳೆಗಾಲದಲ್ಲಿ. ಯಾವ ಮರ ಹೆಣ್ಣು ಅಂತ ಖಾತ್ರಿಯಾಗುವ ಹೊತ್ತಿಗೆ ಹೋಗಬೇಕು ಅಂದರೆ ಜೂನ್-ಜುಲೈನಲ್ಲೇ ಹೋಗಬೇಕು. ಆ ಹವೆಯಲ್ಲಿ ನೀಲಿ ಜೆಲ್ ತೇವ ಹೀರಿ ಒಂದೇ ರಾತ್ರಿಗೆ ಬಣ್ಣ ಬದಲಿಸುತ್ತದೆ. "ಆ ಎಲೆ ಚರ್ಮದ ಥರ ದಪ್ಪ ಮೇಡಂ, ಒಣಗೋದ್ರೊಳಗೆ ಡಿಎನ್‌ಎ ಹಾಳಾಗುತ್ತೆ" ಅಂತ ನಮ್ಮ ಲ್ಯಾಬಿನವರೇ ಹೇಳಿದರು. ಹಿರಿಯ ಸಹೋದ್ಯೋಗಿಯೊಬ್ಬರು ಇನ್ನೂ ನೇರವಾಗಿ ಹೇಳಿದರು: "ನೈಟ್ರೋಜನ್ ಇಲ್ದೆ ಗಾರ್ಸಿನಿಯಾ ಆಗಲ್ಲಮ್ಮ, ಸುಮ್ನೆ ಟೈಮ್ ವೇಸ್ಟ್."

ಆಗುವ ಹಾಗೆ ಮಾಡಿದ್ದು ಹೀಗೆ. ಎಲೆಯ ನಡುನರ ಕಿತ್ತು ಬಿಸಾಡಿ, ಉಳಿದದ್ದನ್ನು ಕತ್ತರಿಯಿಂದ ಅರ್ಧ ಸೆಂಟಿಮೀಟರ್ ಅಗಲದ ಪಟ್ಟಿ ಮಾಡಿದೆವು. ಟೀ ಬ್ಯಾಗ್ ಕಾಗದದಲ್ಲಿ ಸುತ್ತಿ, ಎಲೆಯ ತೂಕಕ್ಕೆ ಹತ್ತು ಪಟ್ಟಿಗಿಂತ ಜಾಸ್ತಿ ಜೆಲ್ ಇರುವ ಜಿಪ್ ಕವರಿಗೆ ಹಾಕಿದೆವು. ಮೊದಲ ದಿನ ಸಂಜೆ ಒಂದು ಸಲ, ಮರುದಿನ ಬೆಳಿಗ್ಗೆ ಒಂದು ಸಲ ಜೆಲ್ ಬದಲಾಯಿಸಬೇಕು. ಇಲ್ಲಿ ಸೋಮಾರಿತನ ಮಾಡಿದರೆ ಮುಂದಿನ ಯಾವ ಕೆಮಿಕಲ್ಲೂ ಕಾಪಾಡುವುದಿಲ್ಲ. ಒದ್ದೆಯಾದ ಜೆಲ್ಲನ್ನು ನಾವು ಉಳಿದುಕೊಂಡಿದ್ದ ಮನೆಯ ಹಿತ್ತಲಿನ ಒಲೆ ಮೇಲೆ, ಅದಕ್ಕೇ ಅಂತ ಇಟ್ಟುಕೊಂಡ ತಗಡಿನ ತಟ್ಟೆಯಲ್ಲಿ ಹುರಿದು ಮತ್ತೆ ಬಳಸಿದೆವು. ನೀಲಿ ಜೆಲ್‌ನಲ್ಲಿ ಕೋಬಾಲ್ಟ್ ಇರುತ್ತದೆ. ಅಡುಗೆಯ ಬಾಣಲೆ ಮುಟ್ಟಬೇಡಿ, ಬಿಳಿ ಜೆಲ್ ತನ್ನಿ. ಅಗ್ಗವೂ ಹೌದು. ಎಲೆ ಪಟ್ಟಿ ಬಗ್ಗಿಸಿದರೆ ಟಕ್ ಅಂತ ಮುರಿಯಬೇಕು. ಬಗ್ಗಿದರೆ ಇನ್ನೂ ಒಣಗಿಲ್ಲ.

ಒಣಗಿದ ಎಲೆ ಅರೆಯಲು ನೈಟ್ರೋಜನ್ ಬೇಕಿಲ್ಲ. ಮಾರ್ಟರಿನಲ್ಲಿ ಒಂದು ಚಿಟಿಕೆ ಪಿವಿಪಿ ಜೊತೆ ಹಿಟ್ಟಾಗುತ್ತದೆ. ಮಿಕ್ಸಿಯಲ್ಲೂ ಮಾಡಿ ನೋಡಿದೆವು. ಚಿಕ್ಕ ಜಾರ್, ಕೆಲವೇ ಸೆಕೆಂಡ್. ಪುಡಿ ಚೆನ್ನಾಗಿ ಬಂತು, ಆದರೆ ಒಂದು ಸ್ಯಾಂಪಲ್ಲಿನ ಧೂಳು ಇನ್ನೊಂದಕ್ಕೆ ಹೋಗುತ್ತದೆ. ಜಾರ್ ತೊಳೆಯುವ ಹೊತ್ತಿಗೆ ಕೈಯಲ್ಲಿ ಅರೆದೇ ಮುಗಿದಿರುತ್ತದೆ. ಬಿಟ್ಟೆವು.

ನಿಜವಾದ ತಿರುವು ಸಾರ್ಬಿಟಾಲ್, ಸಕ್ಕರೆಯಂಥ ಒಂದು ವಸ್ತು. ಸಿಟ್ಯಾಬ್‌ಗೆ ಹಾಕುವ ಮೊದಲೇ ಅದರ ದ್ರಾವಣದಲ್ಲಿ ಎಲೆಯ ಪುಡಿಯನ್ನು ತೊಳೆಯುವುದು. ಟೊಮೇಟೊ, ಕಳ್ಳಿ ಗಿಡಗಳ ಮೇಲೆ ಕೆಲಸ ಮಾಡಿದವರು ತೊಂಬತ್ತರ ದಶಕದಲ್ಲೇ ಇದನ್ನು ಬಳಸಿದ್ದಾರೆ. 0.35 ಮೋಲಾರ್ ಸಾರ್ಬಿಟಾಲ್, ಟ್ರಿಸ್, ಸ್ವಲ್ಪ ಇಡಿಟಿಎ, 1 ಪರ್ಸೆಂಟ್ ಪಿವಿಪಿ, ಬಳಸುವ ಹೊತ್ತಿಗೆ, ಕಂದಾಗುವುದನ್ನು ತಡೆಯುವ ಬೀಟಾ-ಎಂಇ (ಬೀಟಾ-ಮರ್ಕ್ಯಾಪ್ಟೊಎಥನಾಲ್). ಕಲಕಿ, ನಿಧಾನದ ಸ್ಪಿನ್‌ನಲ್ಲಿ ಕೆಳಗಿಳಿಸಿ, ಮೇಲಿನ ನೀರು ಚೆಲ್ಲಿಬಿಡುವುದು. ಡಿಎನ್‌ಎ ಇನ್ನೂ ಪುಡಿಯೊಳಗೆ ನ್ಯೂಕ್ಲಿಯಸ್‌ನಲ್ಲೇ ಭದ್ರವಾಗಿರುತ್ತದೆ, ಲೋಳೆ ಮತ್ತು ಒಗರು ಮಾತ್ರ ಹೊರಗೆ ಹೋಗುತ್ತದೆ. ಉಳಿದವರು ಒಂದೆರಡು ಸಲ ತೊಳೆಯುತ್ತಾರೆ. ಉಪ್ಪಾಗೆಗೆ ಅದು ಸಾಲದು. ನೀರು ಟ್ಯೂಬಿನಿಂದ ದಾರ ಕಟ್ಟದೆ ಹನಿಹನಿಯಾಗಿ ಬೀಳುವವರೆಗೆ ತೊಳೆಯಬೇಕು. ಎಷ್ಟು ಸಲ ಅನ್ನುವುದು ಮರದಿಂದ ಮರಕ್ಕೆ ಬೇರೆ. ಆಮೇಲೆ ಮಾಮೂಲಿ ಸಿಟ್ಯಾಬ್, ಉಪ್ಪು ಮಾತ್ರ 1.4 ಅಲ್ಲ, 3 ಮೋಲಾರ್ ಹತ್ತಿರ. ಎರಡನೇ ಮತ್ತು ಮೂರನೇ ತೊಳೆತದ ನಡುವೆ ನಾನು ಒಂದು ಸಣ್ಣ ಕೆಲಸ ಮಾಡುತ್ತೇನೆ. ಅದು ಈಗ ನನ್ನ ವಿದ್ಯಾರ್ಥಿನಿಯ ಥೀಸಿಸ್‌ನ ಭಾಗ, ಅವಳ ವೈವಾ ಆಗುವವರೆಗೆ ನಾನು ಹೇಳುವುದಿಲ್ಲ. ಅದಿಲ್ಲದೆಯೂ ಹತ್ತರಲ್ಲಿ ಏಳೆಂಟು ಸ್ಯಾಂಪಲ್ ಬರುತ್ತವೆ.

ಹೀಗೆ ತೆಗೆದ ಡಿಎನ್‌ಎ ಓಡಿಸಿದ ಮೊದಲ ಅಗರೋಸ್ ಜೆಲ್ ಇವತ್ತೂ ಕಣ್ಣಿಗೆ ಕಟ್ಟಿದೆ. ಬಾವಿ ಖಾಲಿ, ಸ್ವಲ್ಪ ಕೆಳಗೆ ಒಂದೇ ಬಿಗಿಯಾದ ಬ್ಯಾಂಡ್, ಕೆಳಗೆ ಬಾಲವಿಲ್ಲ. 260/230 ಎರಡರ ಹತ್ತಿರ. ಗಿಡದ ಜಾತಿ ಗುರುತಿಸಲು ಪಿಸಿಆರ್‌ನಲ್ಲಿ ನೋಡುವ ಡಿಎನ್‌ಎ ತುಂಡುಗಳಾದ ಐಟಿಎಸ್, ಮ್ಯಾಟ್‌-ಕೆ ಎರಡೂ ಮೊದಲ ಸಲಕ್ಕೇ ಬಂದವು. ಕಿಟ್‌ನಲ್ಲಿ ಸ್ಯಾಂಪಲ್‌ಗೆ 180-200 ರೂಪಾಯಿ ಬೀಳುತ್ತಿತ್ತು. ನಮ್ಮದರಲ್ಲಿ 20 ರೂಪಾಯಿಯೊಳಗೆ. "ಆಗಲ್ಲಮ್ಮ" ಅಂದ ಹಿರಿಯರು ತಮ್ಮ ವಿದ್ಯಾರ್ಥಿಯನ್ನು ಕಲಿಯಲು ನಮ್ಮ ಲ್ಯಾಬಿಗೆ ಕಳಿಸಿದರು. ನನಗೆ ಬಹಳ ಸಂತೋಷವಾಯಿತು.

ಪ್ರಬಂಧ ಮಾಡುವುದು ಬೇರೆಯೇ ಕಷ್ಟ. ಮೊದಲ ಜರ್ನಲ್ ಒಂದೇ ವಾರದಲ್ಲಿ ವಾಪಸ್ ಕಳಿಸಿತು, ಹೊಸತನ ಇಲ್ಲ ಅಂತ. ಎರಡನೆಯದು ಆರು ತಿಂಗಳು ಇಟ್ಟುಕೊಂಡು ಅದನ್ನೇ ಹೇಳಿತು. ಮೂರನೆಯದು ಒಪ್ಪಲು ತಯಾರಿತ್ತು, ಓಪನ್ ಆಕ್ಸೆಸ್ ಫೀಸು ಲಕ್ಷದ ಮೇಲೆ. ಆ ಹಣಕ್ಕೆ ಎರಡು ವರ್ಷದ ಟ್ಯಾಕ್ ಬರುತ್ತದೆ. ಕೊಡಲಿಲ್ಲ. ಫೀಸಿಲ್ಲದ ಸಣ್ಣ ಜರ್ನಲ್ಲಿಗೆ ಹಾಕಿದೆ. "ಇದನ್ನ ಬಿಟ್ಟು ಜೀನ್ ಎಕ್ಸ್‌ಪ್ರೆಶನ್ ಮಾಡಿ, ಇಂಪ್ಯಾಕ್ಟ್ ಫ್ಯಾಕ್ಟರ್ ಬರುತ್ತೆ" ಅಂತ ಎಲ್ಲರೂ ಹೇಳುತ್ತಿದ್ದ ಕಾಲ. ಇಂಪ್ಯಾಕ್ಟ್ ಫ್ಯಾಕ್ಟರ್ ಅಂದರೆ ಒಂದು ಜರ್ನಲ್ಲಿನ ಪ್ರಬಂಧಗಳಿಗೆ ಸರಾಸರಿ ಎಷ್ಟು ಸೈಟೇಶನ್ ಬರುತ್ತದೆ ಅನ್ನುವ ಅಂಕೆ. ನಾನು ನನ್ನ ಪ್ರಬಂಧದಲ್ಲಿ ಬೇರೆಯವರು ಬಿಡುವ ಒಂದು ವಿಷಯ ಹಾಕಿದೆ. ಯಾವ ಯಾವ ದಾರಿ ಆಗಲಿಲ್ಲ, ಎಲ್ಲಿ ನಿಂತಿತು, ಆ ಜೆಲ್ಲಿನ ಚಿತ್ರ ಹೇಗಿತ್ತು ಅನ್ನುವ ಉದ್ದನೆಯ ಟೇಬಲ್. ರಿವ್ಯೂವರ್ ಒಬ್ಬರು ಅದನ್ನು ತೆಗೆಯಿರಿ ಅಂದರು. ಪಟ್ಟು ಹಿಡಿದು ಉಳಿಸಿಕೊಂಡೆ. ಇವತ್ತು ಬರುವ ಇಮೇಲ್‌ಗಳಲ್ಲಿ ಅರ್ಧಕ್ಕಿಂತ ಜಾಸ್ತಿ ಆ ಟೇಬಲ್ ಬಗ್ಗೆಯೇ.

ಮೊದಲ ಎರಡು ವರ್ಷ ಸೈಟೇಶನ್ ಒಂದಂಕಿ. ಆಮೇಲೆ ಹಲಸು, ಮಾವು, ಬಾಳೆಯವರು ಬಳಸಲು ಶುರು ಮಾಡಿದರು. 2018ರಲ್ಲಿ ಬ್ರೆಜಿಲ್‌ನವರು ಸಾರ್ಬಿಟಾಲ್ ತೊಳೆತದ ಬಗ್ಗೆ ಪ್ಲಾಸ್ ಒನ್‌ನಲ್ಲಿ ವಿವರವಾಗಿ ಬರೆದ ಮೇಲೆ ಸಾರ್ಬಿಟಾಲ್ ಅಂತ ಹುಡುಕುವವರು ಹೆಚ್ಚಿದರು, ನಮ್ಮದೂ ಕಣ್ಣಿಗೆ ಬಿತ್ತು. ಈಗ 300ರ ಆಸುಪಾಸು ಇದೆ.

ಇದರಲ್ಲಿ ಆಶ್ಚರ್ಯ ಇಲ್ಲ. 2014ರಲ್ಲಿ ನೇಚರ್ ಪತ್ರಿಕೆ ಅತಿ ಹೆಚ್ಚು ಸೈಟ್ ಆದ ನೂರು ಪ್ರಬಂಧಗಳ ಪಟ್ಟಿ ಮಾಡಿತ್ತು. ಮೊದಲನೆಯದು 1951ರ ಲೌರಿ, ಮೂರು ಲಕ್ಷಕ್ಕೂ ಮೇಲೆ. ಆಮೇಲೆ ಲೆಮ್ಲಿ, ಬ್ರಾಡ್‌ಫೋರ್ಡ್. ಮೂರೂ ಪ್ರೋಟೀನ್ ಲ್ಯಾಬಿನ ದಿನನಿತ್ಯದ ವಿಧಾನಗಳು. ವಾಟ್ಸನ್-ಕ್ರಿಕ್ ಅವರ 1953ರ ಡಬಲ್ ಹೀಲಿಕ್ಸ್ ಆ ನೂರರಲ್ಲಿ ಇರಲೇ ಇಲ್ಲ. ಮಲಿಸ್ ಅವರ ಪಿಸಿಆರ್ ಪ್ರಬಂಧವನ್ನು ನೇಚರ್ ಮತ್ತು ಸೈನ್ಸ್ ಎರಡೂ ವಾಪಸ್ ಕಳಿಸಿದ್ದವು. 1993ರಲ್ಲಿ ಅದಕ್ಕೇ ನೊಬೆಲ್. ಹೊಸತನ ಇಲ್ಲ ಅಂತ ಪತ್ರ ಬಂದ ದಿನ ಇವೆಲ್ಲ ನೆನಪಿಟ್ಟುಕೊಳ್ಳಿ.

ಆದರೆ ಬಡ್ತಿಯ ಲೆಕ್ಕ ಬೇರೆ ಥರ ನಡೆಯುತ್ತದೆ. ಹಿರ್ಷ್ 2005ರಲ್ಲಿ ಕೊಟ್ಟ ಎಚ್-ಇಂಡೆಕ್ಸ್ 12 ಅಂದರೆ ತಲಾ ಕನಿಷ್ಠ 12 ಸೈಟೇಶನ್ ಇರುವ 12 ಪ್ರಬಂಧ. ಅದರಲ್ಲಿ ಒಂದು ಪ್ರಬಂಧಕ್ಕೆ 30 ಸೈಟೇಶನ್ ಇದ್ದರೂ 300 ಇದ್ದರೂ ನನಗೆ ಒಂದೇ. ನನ್ನದು 12-13ರಲ್ಲಿ ಇದೆ, ಆ ಪ್ರಬಂಧ ಬರದಿದ್ದರೆ ಹೆಚ್ಚೆಂದರೆ ಒಂದು ಕಮ್ಮಿ ಇರುತ್ತಿತ್ತು. ಸಮಿತಿಯೊಂದರಲ್ಲಿ ನನ್ನ ಜರ್ನಲ್ಲಿನ ಇಂಪ್ಯಾಕ್ಟ್ ಫ್ಯಾಕ್ಟರ್ ನೋಡಿ ಕಡಿಮೆ ಅಂಕ ಹಾಕಿದರು. ಪ್ರಬಂಧಕ್ಕೆ ಬಂದ ಸೈಟೇಶನ್ ಪಟ್ಟಿಯನ್ನು ಪ್ರಿಂಟ್ ಮಾಡಿ ಮೇಜಿನ ಮೇಲಿಟ್ಟೆ, ಯಾವ ಬೆಳೆ, ಯಾವ ದೇಶ ಅಂತ ಬಣ್ಣ ಹಚ್ಚಿ. ಜರ್ನಲ್ ನೋಡಿ ವ್ಯಕ್ತಿಯನ್ನು ಅಳೆಯಬೇಡಿ ಅಂತ ಸ್ಯಾನ್ ಫ್ರಾನ್ಸಿಸ್ಕೊ ಘೋಷಣೆ 2013ರಲ್ಲೇ ಹೇಳಿದೆ. ಅದರ ಪ್ರತಿಯನ್ನೂ ಇಟ್ಟೆ. ಬಡ್ತಿ ಆ ಸಲ ಬರಲಿಲ್ಲ, ಮುಂದಿನ ಸಲ ಬಂತು. ನೀವೂ ಅಂಥ ಪಟ್ಟಿ ಇಟ್ಟುಕೊಳ್ಳಿ, ಕೊನೇ ಗಳಿಗೆಯಲ್ಲಿ ಮಾಡಲು ಆಗುವುದಿಲ್ಲ.

ನನ್ನ ಈಗಿನ ಹುಚ್ಚು ಹಣ್ಣಿನ ಒಣಗಿಸಿದ ಸಿಪ್ಪೆ. ತೂಕ ಇಳಿಸುವ ಮಾತ್ರೆಗಳಿಗೆ ಬಳಸುವ ಹೈಡ್ರಾಕ್ಸಿಸಿಟ್ರಿಕ್ ಆ್ಯಸಿಡ್‌ಗಾಗಿ ಉಪ್ಪಾಗೆ ಸಿಪ್ಪೆಗೆ ಬೇಡಿಕೆ ಇದೆ. ಮೂಟೆಯಲ್ಲಿ ಇರುವುದು ಉಪ್ಪಾಗೆಯೋ, ಮುರುಗಲೋ, ಬೇರೆ ಏನೋ ಅಂತ ಡಿಎನ್‌ಎಯಿಂದ ಹೇಳಬಹುದೇ ಅನ್ನುವುದು ಪ್ರಶ್ನೆ. ಎಲೆಯ ವಿಧಾನ ಇದಕ್ಕೆ ನೇರವಾಗಿ ಆಗುವುದಿಲ್ಲ. ಸಿಪ್ಪೆ ಹೊಗೆಯ ಮೇಲೆ ಒಣಗಿರುತ್ತದೆ, ಡಿಎನ್‌ಎ ತುಂಡಾಗಿರುತ್ತದೆ. ತೂಕದಲ್ಲಿ ಶೇ. 10ರಿಂದ 30ರಷ್ಟು ಆ್ಯಸಿಡ್ಡೇ ಇರುವುದರಿಂದ ಬಫರಿನ ಪಿಎಚ್ 8ರಿಂದ 5ಕ್ಕೆ ಇಳಿದುಬಿಡುತ್ತದೆ. ಪಿಎಚ್ ಪೇಪರ್ ಅದ್ದಿದರೆ ಗೊತ್ತಾಗುತ್ತದೆ. ಟ್ರಿಸ್ ಮೂರು ಪಟ್ಟು ಮಾಡಿ, ಮೊದಲ ತೊಳೆತದಲ್ಲೇ ಪಿಎಚ್ ಸರಿ ಮಾಡಿದ ಮೇಲೆ ಐಟಿಎಸ್-2ರಂಥ ಗಿಡ್ಡ ತುಂಡು ಬರುತ್ತಿದೆ. ಪಿಸಿಆರ್‌ಗೆ ಬಿಎಸ್‌ಎ ಎಂಬ ಪ್ರೋಟೀನ್ ಸೇರಿಸಿ, ಟೆಂಪ್ಲೇಟನ್ನು (ಪ್ರತಿ ಮಾಡಲು ಹಾಕುವ ಡಿಎನ್‌ಎಯನ್ನು) ಹತ್ತು ಪಟ್ಟು ತೆಳು ಮಾಡಿ. ಸುಮಾರು ಅರ್ಧದಷ್ಟು ಸಿಪ್ಪೆ ಉತ್ತರ ಕೊಡುತ್ತಿವೆ. ಉಳಿದರ್ಧಕ್ಕೆ ಇನ್ನೊಂದು ಮಳೆಗಾಲ ಬೇಕು.

ಪ್ರಯತ್ನ ಮಾಡುವವರು ನಿಮ್ಮ ಗಿಡದ ಹೆಸರು, ಎಲೆ ಬಲಿತದ್ದೋ ಎಳೆಯದೋ, ಎಷ್ಟು ಸಲ ತೊಳೆದಿರಿ ಅನ್ನುವುದನ್ನು ಬರೆದು ಕಳಿಸಿ. ನ್ಯಾನೋಡ್ರಾಪ್ ನಂಬರ್ ಒಂದನ್ನೇ ಕಳಿಸಿದರೆ ನನಗೆ ಏನೂ ತಿಳಿಯುವುದಿಲ್ಲ, ಜೆಲ್ ಫೋಟೊ ಬೇಕು, ಬಾವಿ ಕಾಣುವ ಹಾಗೆ.