ಒಳಗಿನ ಒಪ್ಪಿಗೆಗಾಗಿ ಕಾದದ್ದು

ಯಾವ ಕೆಲಸಕ್ಕೆ ಕೈಹಾಕಿದರೂ, ಅದು ಮುಗಿಯುವ ಮೊದಲೇ ಯಾರಿಗೆ ಹೇಳಬೇಕೆಂದು ನನ್ನ ಮನಸ್ಸು ಲೆಕ್ಕ ಹಾಕುತ್ತಿತ್ತು. ಬಸವಣ್ಣನವರು ಹೊಗಳಿಕೆಯನ್ನು ಹೊನ್ನಶೂಲವೆಂದದ್ದನ್ನು ಎಳೆಯ ವಯಸ್ಸಿನಲ್ಲೇ ಓದಿದ್ದೆ; ಅದು ನನಗೂ ನಾಟಿದೆಯೆಂದು ತಿಳಿಯಲು ಬಹಳ ಕಾಲ ಹಿಡಿಯಿತು. ಧ್ಯಾನಕ್ಕೆ ಕೂರತೊಡಗಿದ ಮೇಲೂ, ಎಷ್ಟು ಹೊತ್ತು ಕುಳಿತೆನೆಂಬುದನ್ನು ಮಾತಿನ ನಡುವೆ ಹೇಗೋ ಸೇರಿಸುತ್ತಿದ್ದೆ.

ಆಗ ಒಂದು ನೇಮ ಹಿಡಿದೆ. ದಿನಕ್ಕೊಂದು ಒಳ್ಳೆಯ ಕೆಲಸವನ್ನು ಯಾರಿಗೂ ತಿಳಿಯದಂತೆ ಮಾಡುವುದು. ಮಲಗುವ ಮುನ್ನ ಹತ್ತು ನಿಮಿಷ ಸುಮ್ಮನೆ ಕುಳಿತು, ಆ ಕೆಲಸವನ್ನೂ ಅಂದು ಕಿವಿಗೆ ಬಿದ್ದ ಹೊಗಳಿಕೆಯನ್ನೂ ನೆನೆದು, ಮನಸ್ಸಿನಲ್ಲಿ ಯಾವ ರುಚಿ ಉಳಿಯುತ್ತದೆಂದು ನೋಡುವುದು. ಇದು ನಾನು ಕಂಡುಹಿಡಿದದ್ದಲ್ಲ. 1521ರಲ್ಲಿ ಯುದ್ಧದಲ್ಲಿ ಕಾಲಿಗೆ ಪೆಟ್ಟಾಗಿ ಮಲಗಿದ್ದ, ಮುಂದೆ ಕ್ರೈಸ್ತ ಸಂತರೆನಿಸಿದ ಸ್ಪೇನಿನ ಇಗ್ನೇಷಿಯಸ್ ಲೊಯೋಲಾ, ಕೀರ್ತಿಯ ಕನಸು ಕಾಣುವಷ್ಟು ಹೊತ್ತು ಹಿತವೆನಿಸಿ ಆಮೇಲೆ ಮನಸ್ಸನ್ನು ಬರಡಾಗಿಸುವುದನ್ನೂ, ಸಂತರ ಬದುಕಿನ ಚಿಂತನೆ ಮುಗಿದ ಮೇಲೂ ನಲಿವನ್ನು ಉಳಿಸುವುದನ್ನೂ ಗಮನಿಸಿದ್ದರು.

ಗುಟ್ಟಾಗಿ ಮಾಡುವುದು ಕಷ್ಟವಾಗಲಿಲ್ಲ. ಕಷ್ಟವಾದದ್ದು, ಯಾರಿಗೂ ಹೇಳಲಿಲ್ಲವೆಂದು ನನ್ನನ್ನು ನಾನೇ ಕೊಂಡಾಡುವುದನ್ನು ಬಿಡುವುದು. ಹೊರಗಿನ ಸಭೆಯನ್ನು ಎಬ್ಬಿಸಿ ಕಳುಹಿಸಿ, ಒಳಗೆ ಇನ್ನೊಂದನ್ನು ಕೂರಿಸಿಕೊಂಡಿದ್ದೆ. ಅದರ ಚಪ್ಪಾಳೆಯನ್ನೇ ಹಲವು ತಿಂಗಳು ಅಂತರಾತ್ಮದ ಒಪ್ಪಿಗೆಯೆಂದು ನಂಬಿದ್ದೆ.

ಒಮ್ಮೆ ನನ್ನ ಭಾಷಣವನ್ನು ಎಲ್ಲರೂ ಮನಸಾರೆ ಮೆಚ್ಚಿದರು. ರಾತ್ರಿ ಕುಳಿತಾಗ ಆ ಮೆಚ್ಚುಗೆ ಎಷ್ಟು ನೆನೆದರೂ ಮನಸ್ಸಿನಲ್ಲಿ ನಿಲ್ಲಲಿಲ್ಲ. ಭಾಷಣದಲ್ಲಿದ್ದ ಮುಖ್ಯ ವಿಚಾರ ಗೆಳೆಯನೊಬ್ಬನದು; ಅವನ ಹೆಸರೆತ್ತದೆ ನನ್ನದೆಂಬಂತೆ ಹೇಳಿದ್ದೆ. ಮುಂದಿನ ಸಲ ಸೇರಿದಾಗ ಅದೇ ಜನರೆದುರು ಇದನ್ನು ಒಪ್ಪಿಕೊಂಡೆ. ಯಾರೂ ಮೆಚ್ಚಲಿಲ್ಲ, ಕೆಲವರಿಗೆ ಇರುಸುಮುರುಸಾಯಿತು. ಆದರೆ ಅಂದು ರಾತ್ರಿ ಆ ವಿಷಯ ಮರಳಿ ಬರಲೇ ಇಲ್ಲ. ಒಳಗಿನಿಂದ ಯಾವ ಶಹಬ್ಬಾಸ್‌ಗಿರಿಯೂ ಕೇಳಿಸಲಿಲ್ಲ, ಸಮರ್ಥನೆಯೂ ಏಳಲಿಲ್ಲ. ಉಸಿರಾಟ ನಿರಾಳವಾಗಿತ್ತು, ಅಷ್ಟೆ. ಗೀತೆಯ 12ನೆಯ ಅಧ್ಯಾಯದಲ್ಲಿ ನಿಂದೆ-ಸ್ತುತಿಗಳನ್ನು ಸಮನಾಗಿ ಕಾಣುವವನ ಬೆನ್ನಿಗೇ ಮೌನಿ ಎಂಬ ಮಾತು ಏಕೆ ಬಂದಿದೆಯೆಂದು ನನಗೆ ಹೊಳೆದದ್ದು ಆ ರಾತ್ರಿ.

ಮೆಚ್ಚುಗೆಯ ಮಾತು ಈಗಲೂ ನನಗೆ ಹಿತವೇ. ಆಡಿದವರಿಗೆ ಮನಃಪೂರ್ವಕ ವಂದಿಸುತ್ತೇನೆ. ಆದರೆ ಏನನ್ನಾದರೂ ಮಾಡಿದೊಡನೆ ಹೇಳಿಕೊಳ್ಳಬೇಕೆನಿಸಿದರೆ, ರಾತ್ರಿ ಕುಳಿತೇಳುವ ತನಕ ತಡೆಯುತ್ತೇನೆ. ಬಹುಪಾಲು ದಿನಗಳಲ್ಲಿ, ಎದ್ದ ಮೇಲೆ ಹೇಳುವ ಆಸೆ ಉಳಿದಿರುವುದಿಲ್ಲ.