ಹಿತ್ತಿಲ ಕೊಳದ ಪಾಚಿಯೂ ಗೊಬ್ಬರಗುಂಡಿಯೂ

ಶಿರಸಿಯ ಹತ್ತಿರದ ನಮ್ಮ ಮನೆಯ ಹಿತ್ತಿಲಲ್ಲಿ, ಕೊಟ್ಟಿಗೆಯಿಂದ ಇಪ್ಪತ್ತು ಹೆಜ್ಜೆ ಕೆಳಗೆ, ಚಿರೆಕಲ್ಲಿನಲ್ಲಿ ಕಟ್ಟಿದ ಕೊಳವೊಂದಿದೆ. ಉದ್ದ 12 ಅಡಿ, ಅಗಲ 8, ಆಳ ಎರಡೂವರೆ. ಸುಮಾರು 6,800 ಲೀಟರ್ ನೀರು. ಕಟ್ಟಿಸಿದ ವರ್ಷ ದೀಪಾವಳಿಯವರೆಗೆ ಎಲ್ಲವೂ ಚೆನ್ನಾಗಿತ್ತು. ಮೋಡ ಸರಿದು ಬಿಸಿಲು ಬಿದ್ದದ್ದೇ ತಡ, ಪಾಚಿ ಶುರುವಾಯಿತು. ಮಾರ್ಚ್ ಹೊತ್ತಿಗೆ ಕೋಲು ಇಳಿಸಿ ತಿರುಗಿಸಿದರೆ ಒದ್ದೆ ನೂಲಿನ ಲಡಿಯಂತೆ ಸುತ್ತಿಕೊಂಡು ಬರುತ್ತಿತ್ತು. ದಿನಕ್ಕೊಂದು ಬುಟ್ಟಿ ತೆಗೆದರೂ ಮರುದಿನ ಅಷ್ಟೇ.

ಆಗ ನಾನು ಮಾಡಿದ್ದು ಶುದ್ಧ ದಡ್ಡತನ. ಅಡಿಕೆಯ ಕೊಳೆರೋಗಕ್ಕೆ ಸಿಂಪಡಿಸುವ ಬೋರ್ಡೋ ಮಿಶ್ರಣ ಮಾಡಲು ತಂದ ಮೈಲುತುತ್ತ, ಅಂದರೆ ತಾಮ್ರದ ಸಲ್ಫೇಟ್, ಅಟ್ಟದಲ್ಲಿ ಉಳಿದಿತ್ತು. ಒಂದು ಹಿಡಿ ಕರಗಿಸಿ ಸುರಿದೆ, ಅಳತೆಯೂ ಇಲ್ಲ. ಎರಡೇ ದಿನಕ್ಕೆ ಪಾಚಿ ಕಂದಾಗಿ ತಳ ಸೇರಿತು. ಮೂರನೆಯ ದಿನ ಬೆಳಗಿನ ಜಾವ ನೋಡಿದರೆ ಮೀನುಗಳು ನೀರಿನ ಮೇಲೆ ಬಾಯಿ ಬಿಡುತ್ತಿದ್ದವು. ಮಧ್ಯಾಹ್ನಕ್ಕೆ ಹನ್ನೊಂದು ಸತ್ತವು. ಸತ್ತ ಪಾಚಿ ಕೊಳೆಯುವಾಗ ನೀರಿನ ಆಮ್ಲಜನಕವನ್ನು ಹೀರುತ್ತದೆ. ಸಾಲದ್ದಕ್ಕೆ, ಸುಣ್ಣದಂಶ ಕಡಿಮೆಯಿರುವ ನಮ್ಮಂಥ ಮೆದು ನೀರಿನಲ್ಲಿ ತಾಮ್ರದ ವಿಷ ಇನ್ನೂ ಚುರುಕು.

ನೀರು ಪೂರ್ತಿ ಬದಲಿಸಿದೆ. ಆರು ವಾರಕ್ಕೆ ಪಾಚಿ ಮತ್ತೆ ಹಾಜರು.

ಕಾರಣ ಕಂಡದ್ದು ಜೂನ್‌ನಲ್ಲಿ, ಕೊಡೆ ಹಿಡಿದು ಹಿತ್ತಿಲಿಗೆ ಹೋದಾಗ. ಗೊಬ್ಬರಗುಂಡಿಯ ಚಹಾದ ಬಣ್ಣದ ನೀರು ಕಿರುತೊರೆಯಾಗಿ ನೇರ ಕೊಳಕ್ಕೆ ಇಳಿಯುತ್ತಿತ್ತು. ಸಾರಜನಕ, ರಂಜಕ ಎಲ್ಲವೂ ಅದರಲ್ಲಿ! ಅಡಿಕೆ ಮರದ ಬುಡಕ್ಕೆ ಹೋಗಬೇಕಾದದ್ದನ್ನು ನಾನು ಮಳೆಗಾಲವಿಡೀ ಪಾಚಿಗೆ ಉಣಿಸುತ್ತಿದ್ದೆ. ಅದೇ ದಿನ ಮೇಲ್ಬದಿಗೆ ಒಂದಡಿ ಎತ್ತರದ ಮಣ್ಣಿನ ಏರಿ ಹಾಕಿ ಆ ನೀರನ್ನು ತೋಟದ ಕಡೆ ತಿರುಗಿಸಿದೆ. ನನ್ನ ಮಟ್ಟಿಗೆ ಮುಕ್ಕಾಲು ಕೆಲಸ ಮುಗಿದದ್ದು ಅಲ್ಲಿಯೇ.

ಉಳಿದದ್ದಕ್ಕೆ ನೈದಿಲೆ. ಅಗಲ ಬುಟ್ಟಿಗಳಲ್ಲಿ ಜೇಡಿಮಣ್ಣು ತುಂಬಿ, ಮೇಲೆ ಮರಳು ಹಾಸಿ ನೆಟ್ಟೆ. ಸಗಣಿಗೊಬ್ಬರ ಒಂದು ಚಿಟಿಕೆಯೂ ಇಲ್ಲ. ಈಗ ಎಲೆಗಳು ಅರ್ಧ ಕೊಳಕ್ಕೆ ನೆರಳು ಹಿಡಿದಿವೆ. ಅಂಚಿನಲ್ಲಿ ಕೆಸು ಇದೆ. ಮೊದಲು ಪಾಚಿಯಾಗುತ್ತಿದ್ದದ್ದು ಈಗ ಪತ್ರೊಡೆಯಾಗುತ್ತಿದೆ.

ಪಾಚಿ ತೆಗೆಯುವುದು ನಿಂತಿಲ್ಲ, ಹದಿನೈದು ದಿನಕ್ಕೊಮ್ಮೆ ಸಾಕು. ತೆಗೆದ ಮುದ್ದೆಯನ್ನು ಅರ್ಧ ಗಂಟೆ ಕೊಳದ ಕಟ್ಟೆಯ ಅಂಚಿನಲ್ಲೇ ಇಡುತ್ತೇನೆ. ಗೊದಮೊಟ್ಟೆಗಳು, ಏರೋಪ್ಲೇನ್ ಚಿಟ್ಟೆಯ ಮರಿಗಳು ಒಂದೊಂದಾಗಿ ನುಸುಳಿ ನೀರಿಗೆ ಮರಳುತ್ತವೆ. ಆಮೇಲೆ ಅದು ತೆಂಗಿನ ಬುಡಕ್ಕೆ. ಗೋಡೆಯ ಕಲ್ಲಿಗೆ ಅಂಟಿದ ತೆಳು ಹಸಿರನ್ನು ಮುಟ್ಟುವುದಿಲ್ಲ, ಮೀನುಗಳು ಅದನ್ನು ಕೆರೆಯುತ್ತಿರುತ್ತವೆ.

ಮೀನಿಗೆ ಐದು ನಿಮಿಷದಲ್ಲಿ ಮುಗಿಸುವಷ್ಟೇ ತಿನಿಸು ಎಂದು ಮನೆಯಲ್ಲಿ ಕಟ್ಟಪ್ಪಣೆ ಮಾಡಿದ್ದೇನೆ. ಅಮ್ಮ ಮಾತ್ರ ನನ್ನ ಕಣ್ಣು ತಪ್ಪಿಸಿ ಉಳಿದ ಅನ್ನ ಹಾಕುತ್ತಾಳೆ. ಮೆಟ್ಟಿಲ ಪಕ್ಕದ ಮೂಲೆಯಲ್ಲಿ ಹಸಿರು ಎಳೆ ಕಂಡ ವಾರ ನಾನು ಏನೂ ಕೇಳಬೇಕಾಗಿಲ್ಲ.