ಕುಮಾರ ಪರ್ವತದ ಗೆರೆ ನೆಟ್ಟಗಾದದ್ದು

ನಡೆದ ದಾರಿಯನ್ನು ಮೊಬೈಲ್ ಗೆರೆಯಾಗಿ ಬರೆದಿಡುವ ಟ್ರ್ಯಾಕ್ ನಂಬುವಂಥದ್ದಲ್ಲ, ನಲವತ್ತು ಸಾವಿರ ಕೊಟ್ಟು ಕೈ ಜಿಪಿಎಸ್ ತೆಗೆದುಕೋ ಎಂದು ನಮ್ಮ ಚಾರಣದ ಗುಂಪು ಎಂದೋ ತೀರ್ಪು ಕೊಟ್ಟಾಗಿತ್ತು. ಅವರನ್ನು ದೂರುವಂತೆಯೂ ಇರಲಿಲ್ಲ. ಕುಕ್ಕೆಯಿಂದ ಕುಮಾರ ಪರ್ವತಕ್ಕೆ ಹತ್ತಿ ನಾನು ತಂದ ಮೊದಲ ಜಿಪಿಎಕ್ಸ್ ಕಡತದಲ್ಲಿ (ಟ್ರ್ಯಾಕಿನ ಬಿಂದುಗಳೆಲ್ಲ ಇರುವ ಕಡತ) ಒಟ್ಟು ಏರಿಕೆ 2,900 ಮೀಟರಿನ ಆಸುಪಾಸು. ಶಿಖರದ ಎತ್ತರವೇ 1,712. ಅದರ ಮೇಲೆ ಇನ್ನೊಂದು ಬೆಟ್ಟ ಹತ್ತಿದ ಲೆಕ್ಕ.

ದಾರಿಯಲ್ಲಿ ಸಿಗುವ ಭಟ್ಟರ ಮನೆಯಲ್ಲಿ ಉಂಡು ಮುಕ್ಕಾಲು ಗಂಟೆ ಒರಗಿದ್ದೆ. ಟ್ರ್ಯಾಕ್ ತಿದ್ದುವ ತಂತ್ರಾಂಶ ಜಿಪಿಎಸ್‌ಪ್ರೂನ್‌ನಲ್ಲಿ ಹಿಗ್ಗಿಸಿ ನೋಡಿದರೆ ಅಲ್ಲೊಂದು ಜೇಡರ ಬಲೆ. ಕುಳಿತಲ್ಲೇ ಆರುನೂರು ಮೀಟರ್ ನಡೆದಿದ್ದೆನಂತೆ! ಅದಕ್ಕೂ ಕೆಳಗಿನ ದಟ್ಟ ಕಾಡಿನಲ್ಲಿ ಗೆರೆ ಮುಳ್ಳುಹಂದಿಯ ಬೆನ್ನಿನಂತಿತ್ತು.

ಎರಡು ತಿಂಗಳು ನಾನು ಮಾಡಿದ್ದು ಒಂದೇ ತಪ್ಪು: ಕಡತ ತೆರೆದ ಕೂಡಲೇ ಬಿಂದುಗಳ ಸಂಖ್ಯೆಯನ್ನು ಇಳಿಸುವುದು. ಒಂಬತ್ತು ಸಾವಿರ ಬಿಂದು ಐನೂರಾಗುತ್ತಿತ್ತು, ಗೆರೆ ಇನ್ನಷ್ಟು ವಿಕಾರವಾಗುತ್ತಿತ್ತು. ಹೀಗೆ ಬಿಂದು ಇಳಿಸುವ ಲೆಕ್ಕ ಉಳಿಸಿಕೊಳ್ಳುವುದೇ ಗೆರೆಯಿಂದ ದೂರ ಸಿಡಿದ ಬಿಂದುಗಳನ್ನು. ಕಾಳು ಹಾರಿಹೋಗಿ ಹೊಟ್ಟು ಮೊರದಲ್ಲೇ ಉಳಿಯುತ್ತಿತ್ತು. ನಡುವೆ ಒಂದು ಆಪ್‌ಗೆ 1,800 ರೂಪಾಯಿ ವಾರ್ಷಿಕ ಚಂದಾ ಸುರಿದೆ. ಅದೂ ಇದನ್ನೇ ಮಾಡಿತು, ಬಣ್ಣ ಮಾತ್ರ ಚೆನ್ನಾಗಿತ್ತು.

ಈಗ ಕ್ರಮವನ್ನು ತಿರುವುಮುರುವು ಮಾಡಿದ್ದೇನೆ. ನಾನು ಬಳಸುವ ನಕ್ಷೆಯ ಆಪ್ ಓಸ್ಮ್ಯಾಂಡ್ ಪ್ರತಿ ಬಿಂದುವಿನ ಜೊತೆ ಎಚ್‌ಡಿಒಪಿ ಬರೆದಿಡುತ್ತದೆ, ಅಂದರೆ ಆ ಸ್ಥಾನ ಎಷ್ಟು ತಪ್ಪಿರಬಹುದು ಎಂಬುದರ ಅಂಕಿ; ಹೆಚ್ಚಿದಷ್ಟೂ ಕೆಟ್ಟದ್ದು. ಜಿಪಿಎಸ್ ಕಡತಗಳನ್ನು ಸೋಸುವ ತಂತ್ರಾಂಶ ಜಿಪಿಎಸ್‌ಬೇಬಲ್‌ನಲ್ಲಿ ಅದಕ್ಕೊಂದು ಮಿತಿ ಹಾಕಿ ಮೊದಲು ಕೆಟ್ಟವನ್ನು ಎಸೆಯುತ್ತೇನೆ. ಕಾಡಿಗೊಂದು ಮಿತಿ, ಮೇಲಿನ ಹುಲ್ಲುಗಾವಲಿಗೊಂದು. ಆ ಸಂಖ್ಯೆಗಳು ಸದ್ಯ ನನ್ನಲ್ಲೇ ಇರಲಿ, ಮೂರು ಸಲ ಬೆಟ್ಟ ಹತ್ತಿ ಸಂಪಾದಿಸಿದ್ದು. ಆಮೇಲೆ ಕುಳಿತಲ್ಲಿ ಹೆಣೆದ ಬಲೆಗಳನ್ನು ಕೈಯಾರೆ ಅಳಿಸುತ್ತೇನೆ. ಬಿಂದು ಇಳಿಸುವುದು ಎಲ್ಲಕ್ಕಿಂತ ಕೊನೆಗೆ.

ಎತ್ತರಕ್ಕೆ, ಬಾಹ್ಯಾಕಾಶ ನೌಕೆಯ ರೇಡಾರ್ ಅಳೆದ ನೆಲದ ಎತ್ತರಗಳ ಎಸ್‌ಆರ್‌ಟಿಎಂ ದತ್ತಾಂಶ ತುಂಬಿ ನೋಡಿದೆ. ಕಾಡಿನಲ್ಲಿ ಪರವಾಗಿಲ್ಲ. ಆದರೆ ಶಿಖರಕ್ಕೆ ಮುನ್ನ ಸಿಗುವ ಶೇಷ ಪರ್ವತದ ಅಂಚಿನಲ್ಲಿ, ಚೌಕಕ್ಕೊಂದೇ ಎತ್ತರ ಹೇಳುವ ಅದರ ತೊಂಬತ್ತು ಮೀಟರಿನ ಚೌಕಗಳನ್ನು ನಂಬಿದರೆ, ಗೆರೆ ಚೂರು ಸರಿದರೂ ನೀವು ಕಣಿವೆಯಲ್ಲಿರುತ್ತೀರಿ. ಹಾಗಾಗಿ ಮೇಲಿನ ಭಾಗಕ್ಕೆ ಮೊಬೈಲಿನ ಎತ್ತರವನ್ನೇ ಇಟ್ಟುಕೊಂಡೆ.

ಸುಮ್ಮನೆ ಕುತೂಹಲಕ್ಕೆ ಒಂದು ರಾತ್ರಿ ಫೋನನ್ನು ತಾರಸಿಯ ಮೇಲೆ ಬಿಟ್ಟು ಮಲಗಿದೆ. ಬೆಳಿಗ್ಗೆ ನೋಡಿದರೆ ಅದು ಮೂರು ಕಿಲೋಮೀಟರ್ ಅಡ್ಡಾಡಿತ್ತು. ಫೋಟೊಗಳನ್ನು ಟ್ರ್ಯಾಕಿಗೆ ಜೋಡಿಸಿದಾಗ ಶಿಖರದ ಚಿತ್ರಗಳೆಲ್ಲ ಕೆಳಗಿನ ಕಾಡಿಗೆ ಬಿದ್ದದ್ದು ಇನ್ನೊಂದು ಕಥೆ: ಲ್ಯಾಪ್‌ಟಾಪಿನ ಕಾಲವಲಯ ನಮಗಿಂತ ಹಿಂದಿರುವ ಜಾಗತಿಕ ಸಮಯ ಯುಟಿಸಿಯಲ್ಲೇ ಉಳಿದು ಐದೂವರೆ ಗಂಟೆ ಎಡವಟ್ಟಾಗಿತ್ತು.

ಮೂರನೆಯ ಚಾರಣಕ್ಕೆ ಗಾಳಿಯ ಒತ್ತಡದಿಂದ ಎತ್ತರ ಅಳೆಯುವ ವಾಯುಭಾರಮಾಪಕವಿರುವ ಕೈ ಜಿಪಿಎಸ್ ಹಿಡಿದು ಗೆಳೆಯನೊಬ್ಬ ಬಂದಿದ್ದ. ಅವನ ಏರಿಕೆ 1,780. ಮನೆಗೆ ಬಂದು ತಿದ್ದಿದ ಮೇಲೆ ನನ್ನದು 1,740. ನನಗಾದ ಖರ್ಚು, ದಂಡದ ಚಂದಾ ಬಿಟ್ಟರೆ, ಭುಜದ ಪಟ್ಟಿಗೆ ಫೋನ್ ಕಟ್ಟುವ ಇನ್ನೂರೈವತ್ತು ರೂಪಾಯಿಯ ಚೀಲ. ಕಳೆದ ವಾರ ಅದೇ ಗೆಳೆಯ ಹಳೆಯ ಹನ್ನೊಂದು ಕಡತ ಕಳಿಸಿದ್ದಾನೆ, ತಿದ್ದಿಕೊಡಬೇಕಂತೆ. ಕಡತಕ್ಕೊಂದು ಮಸಾಲೆ ದೋಸೆ ಎಂದು ದರ ಹೇಳಿದ್ದೇನೆ.